ಕಾಯುತ್ತ ಕೂತ ಎಳೆಗಳು

ವಾರ್ಡಿನ ಬಾಗಿಲಲ್ಲಿ ಬೂಟು ಕಳಚಿದ ಮೇಲೇ ಅವಳಿಗೆ ಎಡಗಾಲಿನ ಸಾಕ್ಸಿನ ತೂತು ನೆನಪಾದದ್ದು. ಬೆಳಿಗ್ಗೆ ಮಗಳ ಅಲ್ಲಾಡುವ ಹಲ್ಲಿನ ಗಲಾಟೆಯಲ್ಲಿ ಕೈಗೆ ಸಿಕ್ಕಿದ್ದನ್ನು ಏರಿಸಿಕೊಂಡು ಬಂದಿದ್ದಳು. ಈಗ ಹೆಬ್ಬೆರಳು ಹೊರಗಿಣುಕಿ ಊರೆಲ್ಲ ನೋಡುತ್ತಿತ್ತು. ಅದನ್ನು ಒಳಕ್ಕೆ ಮಡಚಿಕೊಂಡು, ಸ್ವಲ್ಪ ಕುಂಟಿದಂತೆ ನಡೆದು, ಗಾಜಿನ ತೊಟ್ಟಿಲುಗಳ ಸಾಲು ದಾಟಿ, ಮೂಲೆಯಲ್ಲಿ ತನಗಾಗಿ ಬಿಟ್ಟುಕೊಟ್ಟಿದ್ದ ಮೇಜಿಗೆ ಬಂದು ಕೂತಳು. ಉದ್ದ ಜಡೆಯ ನರ್ಸ್ ನೋಡಿಬಿಟ್ಟಳು. ನೋಡಿದವಳು ನಗಲಿಲ್ಲ, ನಗದೇ ಇದ್ದದ್ದೇ ಹೆಚ್ಚು ಚುಚ್ಚಿತು. ಇವರೆಲ್ಲ ತನ್ನನ್ನು ಏನೆಂದುಕೊಂಡಿರಬಹುದು? ಇವಳ ಪ್ರೋಗ್ರಾಮೂ ಸೋರುತ್ತದೆ, ಸಾಕ್ಸೂ ಸೋರುತ್ತದೆ ಎಂದುಕೊಂಡಿರಬಹುದು. ತಪ್ಪೇನೂ ಅಲ್ಲ.

ಅದು ಹೊತ್ತಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡು. ಒಂದೊಂದು ಕೂಸಿನ ಪಾದಕ್ಕೂ ಕೆಂಪು ದೀಪದ ಒಂದು ಪಟ್ಟಿ, ಪಟ್ಟಿಯಿಂದ ತಂತಿ. ಎದೆಬಡಿತವೂ ಉಸಿರೂ ಹಸಿರು ಗೆರೆಗಳಾಗಿ ನರ್ಸುಗಳ ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಸಾಲಾಗಿ ಹರಿಯುತ್ತಿದ್ದವು. ಅವನ್ನು ಅಲ್ಲಿಗೆ ತಂದು ಮುಟ್ಟಿಸುವ ಸರ್ವರ್ ಪ್ರೋಗ್ರಾಮ್ ಅವಳದು. ತಿಂಗಳುಗಳಿಂದ ಅದು ಮೆಮೊರಿ ತಿನ್ನುತ್ತಿತ್ತು, ಆಫೀಸಿನ ಭಾಷೆಯಲ್ಲಿ ಸೋರಿಕೆ. ತಿಂದದ್ದನ್ನು ವಾಪಸು ಕೊಡದೆ ಉಬ್ಬಿ, ಏದುಸಿರು ಬಿಟ್ಟು, ಕೊನೆಗೆ ಪರದೆ ತಡವರಿಸತೊಡಗಿದಾಗ ರೀಸ್ಟಾರ್ಟ್ ಮಾಡದೆ ಗತಿಯಿರಲಿಲ್ಲ. ಅದು ಮತ್ತೆ ಎದ್ದು ಕೂರುವ ತನಕ ಪರದೆ ಕಪ್ಪು. ಆ ಕತ್ತಲಿಗೆಂದೇ ನರ್ಸುಗಳು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು: ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಡ್‌ನರ್ಸ್ ಎರಡು ಸಲ ಚಪ್ಪಾಳೆ ತಟ್ಟಿದರೆ, ಮಾಡುತ್ತಿದ್ದ ಕೆಲಸ ಬಿಟ್ಟು ಒಬ್ಬೊಬ್ಬರು ಒಂದೊಂದು ತೊಟ್ಟಿಲಿನ ಬಳಿ ಹೋಗಿ, ಗಾಜಿನ ಕಿಂಡಿಯೊಳಗೆ ಕೈ ಹಾಕಿ, ಎರಡು ಬೆರಳು ಕೂಸಿನ ಎದೆಯ ಮೇಲಿಟ್ಟು ಬಾಯಲ್ಲಿ ಬಡಿತ ಎಣಿಸುತ್ತ ನಿಲ್ಲುವುದು. ಆ ಗುಣುಗುಣು ಎಣಿಕೆಯನ್ನು ಒಮ್ಮೆ ಕೇಳಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ತನ್ನ ತಪ್ಪನ್ನು ಬೇರೆಯವರು ಬೆರಳ ತುದಿಯಲ್ಲಿ ಹಿಡಿದು ನಿಂತಂತೆ ಕಂಡಿತ್ತು.

ನಾಳೆಯಿಂದ ಅದೂ ಆಗುವ ಹಾಗಿರಲಿಲ್ಲ. ಅರ್ಧ ಜನ ನರ್ಸುಗಳನ್ನು ಹೊಸ ಕಟ್ಟಡಕ್ಕೆ ಹಾಕಿದ್ದರು. ತೊಟ್ಟಿಲಿಗೊಬ್ಬರು ನಿಲ್ಲಲು ಕೈಗಳೇ ಇಲ್ಲ. ಇವತ್ತು ಸಂಜೆಯೊಳಗೆ ಸೋರಿಕೆ ಸಿಗದಿದ್ದರೆ ನಾಳೆಯಿಂದ ಹೊಸ ಕೂಸನ್ನು ಸೇರಿಸಿಕೊಳ್ಳುವುದಿಲ್ಲ, ಬಂದವರನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ ಎಂದು ದೊಡ್ಡ ಡಾಕ್ಟರು ನಿನ್ನೆ ಹೇಳಿದ್ದರು. ದನಿ ಏರಿಸದೆ, ಅವಳ ಮುಖವನ್ನೂ ನೋಡದೆ. ಬೇರೆ ಆಸ್ಪತ್ರೆ ಎನ್ನುವುದು ಬಾಯಿಮಾತಿಗೆ ಹತ್ತಿರ. ಅಂಗೈಯಷ್ಟಿರುವ ಕೂಸಿಗೆ ಅದು ಬಹಳ ದೂರ.

ಒಳಗಿನ ವ್ಯವಹಾರ ಹೀಗಿತ್ತು: ಒಂದೊಂದು ತೊಟ್ಟಿಲಿಗೂ ಪ್ರೋಗ್ರಾಮಿನಲ್ಲಿ ಒಂದೊಂದು ಥ್ರೆಡ್. ಆಫೀಸಿನಲ್ಲಿ ಥ್ರೆಡ್ ಎನ್ನುತ್ತಿದ್ದಳೇ ಹೊರತು ಅವಳ ಮನಸ್ಸಿನಲ್ಲಿ ಅದು ಮೊದಲಿನಿಂದಲೂ ಎಳೆ. ತೊಟ್ಟಿಲ ಪಕ್ಕ ಕೂತ ಆಯಾಳ ಹಾಗೆ ಒಂದು ಎಳೆ ಒಂದು ಕೂಸಿಗೆ ಕಿವಿಗೊಟ್ಟು, ಕೇಳಿದ್ದನ್ನು ಚೀಟಿ ಬರೆದಂತೆ ಬರೆದು ಸಾಲಿನಲ್ಲಿಡುತ್ತದೆ. ಮತ್ತೊಂದು ಎಳೆ ಆ ಚೀಟಿಗಳನ್ನು ಎತ್ತಿಕೊಂಡು ಪರದೆಗೆ ಒಯ್ಯುತ್ತದೆ. ಎಲ್ಲವೂ ಒಟ್ಟಿಗೇ ಓಡಾಡುವ, ಒಂದೇ ಕಪಾಟಿಗೆ ಕೈ ಹಾಕುವ ಮನೆ. ಅಲ್ಲಿ ಏನಾದರೂ ಕಳೆದರೆ ಕೂಡುಕುಟುಂಬದ ಅಡುಗೆಮನೆಯಲ್ಲಿ ಸೌಟು ಕಳೆದ ಹಾಗೆ: ಕೇಳಿದವರೆಲ್ಲ ನಾನಲ್ಲ ಎನ್ನುತ್ತಾರೆ, ಅವರವರ ಮಟ್ಟಿಗೆ ಅದು ನಿಜವೂ ಆಗಿರುತ್ತದೆ. ಒಂದು ಎಳೆ ಕೈ ಹಾಕಿದಾಗ ಇನ್ನೊಂದು ನುಗ್ಗದಂತೆ ಆ ಕಪಾಟಿಗೆ ಹಾಕಿದ್ದ ಒಂದೊಂದು ಬೀಗವನ್ನೂ ವಾರಗಟ್ಟಲೆ ಅವಳು ತಡಕಿದ್ದಳು, ಎರಡು ಎಳೆಗಳು ಪರಸ್ಪರ ನೀನು ಬಿಡು ನೀನು ಬಿಡು ಎಂದು ಹಿಡಿದುಕೊಂಡು ಕೂತಿವೆಯೋ ಎಂದು ಇಣುಕಿದ್ದಳು. ಎಲ್ಲವೂ ಸಭ್ಯ. ಒಂದೊಂದು ಸಲ ಹದಿನೈದು ದಿನ ಮಿಸುಕದೆ ನಡೆಯುವುದು, ಒಂದೊಂದು ಸಲ ಎರಡೇ ದಿನಕ್ಕೆ ಹೊಟ್ಟೆ ಉಬ್ಬಿಸಿಕೊಳ್ಳುವುದು. ಆಫೀಸಿನಲ್ಲಿ ಇಟ್ಟುಕೊಂಡ ಅದೇ ಪ್ರೋಗ್ರಾಮ್ ಮಾತ್ರ ಹಸುವಿನಂತೆ ಸಾಧು.

ಫೋನು ನಡುಗಿತು. ವರಾಂಡಕ್ಕೆ ಹೋಗಿ ಎತ್ತಿದಳು. ಆಫೀಸಿನ ಬೇಗಪ್ಪ. ಯಾವುದಕ್ಕೂ ಬೇಗ ಬೇಗ ಎನ್ನುವುದರಿಂದ ಅವನಿಗೆ ಆ ಹೆಸರು.

"ಅಕ್ಕಾ, ರಾತ್ರಿಯೆಲ್ಲ ಓಡಿಸಿದೀನಿ. ಸಾವಿರ ಮಕ್ಕಳನ್ನ ಸೇರಿಸ್ದೆ, ಸಾವಿರ ಮಕ್ಕಳನ್ನ ಮನೆಗೆ ಕಳಿಸ್ದೆ. ಒಂದು ತೊಟ್ಟೂ ಸೋರಿಲ್ಲ. ನಿಮ್ಮ ಆಸ್ಪತ್ರೆ ಕಂಪ್ಯೂಟರಿಗೇ ದೆವ್ವ ಹಿಡಿದಿರಬೇಕು."

"ದೆವ್ವಕ್ಕೆ ನಾನು ಬಂದಿದೀನಲ್ಲ, ಬಿಡು."

ಫೋನು ಇಡುವಷ್ಟರಲ್ಲಿ ಮನೆಯಿಂದ ಕರೆ. ಮಗಳು. ಹಲ್ಲಿನ ನೆವ ಹೇಳಿ ಶಾಲೆ ತಪ್ಪಿಸಿ ಅಜ್ಜಿಯ ಜೊತೆ ಮನೆಯಲ್ಲಿ ಉಳಿದಿದ್ದಳು.

"ಅಮ್ಮಾ, ಅಜ್ಜಿ ದಾರ ಕಟ್ಟಿ ಎಳೀತೀನಿ ಅಂತಾರೆ. ನಾನು ಬೇಡ ಅಂದೆ. ನೀನು ಬರೋವರೆಗೂ ನಾಲಿಗೇಲಿ ಒತ್ತಿ ಹಿಡ್ಕೊಂಡಿರ್ತೀನಿ."

"ಅಷ್ಟು ಹೊತ್ತು ಹಿಡ್ಕೊಂಡ್ರೆ ನಾಲಿಗೆ ನೋಯುತ್ತೆ ಕಣೇ."

"ನೋಯ್ಲಿ," ಎಂದಿತು ಆ ಕಡೆಯ ದನಿ, ಯಾರದೋ ಹಳೆಯ ಹಟವನ್ನು ಎರವಲು ತಂದಂತೆ. ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಏಳು ತುಂಬಿದ ಈ ಗಟ್ಟಿ ಪಿಂಡ ಒಂದು ಕಾಲದಲ್ಲಿ ಇದೇ ಸಾಲಿನ ಕಿಟಕಿ ಬದಿಯ ತೊಟ್ಟಿಲಲ್ಲಿ ಹಕ್ಕಿಮರಿಯಂತೆ ಬಿದ್ದುಕೊಂಡಿತ್ತು. ಆಗ ಬೇರೆ ಪ್ರೋಗ್ರಾಮ್ ಇತ್ತು, ಯಾರು ಬರೆದದ್ದೋ. ಗಾಜಿನಾಚೆ ನಿಂತು ಅವಳು ನೋಡುತ್ತಿದ್ದಂತೆಯೇ ಹಸಿರು ಗೆರೆ ನೆಟ್ಟಗಾಗಿ, ಅದರ ಮೇಲೆ ತಣ್ಣಗೆ ಎರಡು ಪದ ಮೂಡಿದ್ದವು: ತೊಟ್ಟಿಲು ಖಾಲಿ. ಕೂಸು ಕಾಲು ಝಾಡಿಸಿ ಪಟ್ಟಿ ಕಳಚಿಕೊಂಡಿತ್ತು, ಅಷ್ಟೇ. ದೊಡ್ಡಕ್ಕ ಓಡಿ ಹೋಗಿ ಸುತ್ತಿದಳು, ಗೆರೆ ಮತ್ತೆ ಕುಣಿಯಿತು. ಆದರೆ ಆ ಎರಡು ಪದಗಳ ನಡುವೆ ತಾನು ಎಲ್ಲಿಗೆ ಹೋಗಿ ಬಂದೆನೆಂದು ಅವಳು ಗಂಡನಿಗೂ ಹೇಳಲಾರದವಳಾಗಿದ್ದಳು. ಹೋದ ವರ್ಷ ಆಫೀಸಿನಲ್ಲಿ, ಆಸ್ಪತ್ರೆ ಹೊಸ ಪ್ರೋಗ್ರಾಮ್ ಕೇಳಿದೆ ಎಂದಾಗ, ಯಾರೂ ಕರೆಯದೆ ತಾನೇ ಮುಂದೆ ಬಿದ್ದು ಕೈಗೆತ್ತಿಕೊಂಡಿದ್ದಳು. ಸುದ್ದಿ ನಿಂತರೆ ಏನು ಮಾಡಬೇಕು ಎಂಬ ಜಾಗ ಬಂದಾಗ ಬೆರಳು ಒಂದೇ ಪದ ಬರೆದಿತ್ತು: ಕಾಯಿ. ಎಷ್ಟು ಹೊತ್ತು ಎಂಬ ಮಿತಿಯನ್ನು ಅವಳು ಬರೆಯಲಿಲ್ಲ.

ಮತ್ತೆ ಬಂದು ಕೂತು, ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯ ಎರಡು ಪಟ ತೆಗೆದಳು, ಒಂದು ಈಗ, ಒಂದು ಸ್ವಲ್ಪ ಹೊತ್ತು ಬಿಟ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬೆಳೆದಿದೆ ಎಂದು ನೋಡಿದಳು. ಬೆಳೆದದ್ದು ಚೀಟಿಗಳು. ಒಂದೇ ಮಾತಿನ ಚೀಟಿಗಳ ಗುಡ್ಡೆ: ಸುದ್ದಿ ಇಲ್ಲ, ಸುದ್ದಿ ಇಲ್ಲ, ಸುದ್ದಿ ಇಲ್ಲ. ಯಾರೂ ಎತ್ತಿಕೊಳ್ಳದವು. ಎಳೆಗಳನ್ನು ಸಾಲಾಗಿ ತೋರಿಸು ಎಂದು ಕೇಳಿದಳು. ತೋರಿಸಿತು. ಇಷ್ಟು ದಿನ ಬೀಗಗಳನ್ನು ತಡಕಿದವಳಿಗೆ ತಲೆ ಎಣಿಸುವುದು ಹೊಳೆದಿರಲಿಲ್ಲ. ತೊಟ್ಟಿಲುಗಳಿಗಿಂತ ಎಳೆಗಳು ಹೆಚ್ಚಿಗೆ ಇದ್ದವು.

ಕಿವಿಗೊಟ್ಟು ಸುಮ್ಮನೆ ಕಾಯುತ್ತಿದ್ದ ಎಳೆಗಳು ಮೂರು. ಅವುಗಳ ಹೆಸರೂ ಇತ್ತು. ಆ ವಾರ್ಡಿನಲ್ಲಿ ಕೂಸುಗಳಿಗೆ ಮನೆಯವರು ಹೆಸರಿಡುವ ಮುಂಚೆ ನರ್ಸುಗಳೇ ಒಂದೊಂದು ಅಡ್ಡಹೆಸರಿಟ್ಟು ಪರದೆಗೆ ಏರಿಸುತ್ತಿದ್ದರು. ಗುಬ್ಬಿ. ಜಟ್ಟಿ. ಬೆಳ್ಳಿ.

ಬೇಗಪ್ಪನಿಗೆ ಕರೆ ಮಾಡಿ ಹೇಳಿದಳು. ಅವನು ಖುಷಿಯಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಇಲ್ಲಿಗೇ ಕೇಳಿಸಿತು. "ಸಿಕ್ತಲ್ಲ ಕಳ್ಳ. ಇಷ್ಟು ಹೊತ್ತು ಸುದ್ದಿ ಬರದಿದ್ರೆ ಥ್ರೆಡ್ ಮುಗಿಸು ಅಂತ ಒಂದು ಸಾಲು ಹಾಕ್ಬಿಡಿ. ಒಂದೇ ಸಾಲು ಅಕ್ಕಾ. ಮಧ್ಯಾಹ್ನದ ಊಟಕ್ಕೆ ಆಫೀಸಿಗೇ ಬಂದ್ಬಿಡ್ತೀರಿ."

ಒಂದೇ ಸಾಲು. ಬರೆದಳು ಕೂಡ. ಬರೆದು, ಅದರ ತುದಿಯಲ್ಲಿ ಮಿಣುಕುವ ಕಡ್ಡಿಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ, ಹೆಬ್ಬೆರಳನ್ನು ಮಡಚಿಕೊಳ್ಳುವುದನ್ನೂ ಮರೆತು, ಉದ್ದ ಜಡೆಯವಳನ್ನು ಕೇಳಿದಳು.

"ಸಿಸ್ಟರ್, ಗುಬ್ಬಿ ಯಾವುದು?"

"ಗುಬ್ಬಿನಾ? ಅಗೋ ಆ ಬಟ್ಟೆ ಪರದೆ ಹಿಂದೆ, ಅಮ್ಮನ ಎದೆ ಮೇಲೆ ಮಲಗಿದ್ದಾನೆ ಮಹಾರಾಯ. ತಾಯಂದಿರು ಬಂದಾಗ ತಂತಿ ತೆಗೆದು ಎದೆಗೆ ಹಾಕ್ತೀವಿ. ಅಲ್ಲಿದ್ರೆ ಬೇಗ ಬಲಿತಾರೆ."

ಬಟ್ಟೆಯ ಪರದೆಯ ಸಂದಿಯಿಂದ ಒಬ್ಬ ಹೆಂಗಸಿನ ಭುಜ, ಭುಜದ ಕೆಳಗೆ ಉಣ್ಣೆಟೋಪಿಯ ಒಂದು ತುದಿ ಕಂಡಿತು. ಆ ಒಂದು ಸಾಲು ಹಾಕಿದ್ದರೆ ಗುಬ್ಬಿಯ ಎಳೆ ಈ ಹೊತ್ತಿಗೆ ಮುಗಿದಿರುತ್ತಿತ್ತು; ಆ ಹೆಂಗಸು ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ಅವಳ ಮಗನ ಜಾಗದಲ್ಲಿ ಆ ಎರಡು ಪದ, ತೊಟ್ಟಿಲು ಖಾಲಿ.

"ಮತ್ತೆ ಜಟ್ಟಿ? ಬೆಳ್ಳಿ?"

ಉದ್ದ ಜಡೆಯವಳು ಕೈಯಲ್ಲಿದ್ದ ಹತ್ತಿಯನ್ನು ಬಟ್ಟಲಲ್ಲಿಟ್ಟಳು. ದೊಡ್ಡಕ್ಕನ ಕಡೆ ನೋಡಿದಳು. ದೊಡ್ಡಕ್ಕ ಹತ್ತಿರ ಬಂದು, ಅವಳ ಮೊಣಕೈ ಹಿಡಿದು ಮೂಲೆಯ ಮೇಜಿಗೆ ಕರೆದೊಯ್ದು, ಕೂರಿಸಿ, ತಾನೂ ಕೂತಳು.

"ಜಟ್ಟಿ ಹೋದ ವಾರ. ಬೆಳ್ಳಿ ಮೊನ್ನೆ," ಎಂದಳು.

ತನ್ನ ಕಂಪ್ಯೂಟರಿನಲ್ಲಿದ್ದ ಆ ಎರಡು ಹೆಸರುಗಳನ್ನು ಅವಳು ಮತ್ತೆ ಓದಿದಳು.

"ಈ ವಾರ್ಡು ಹಂಗೇ ಅಮ್ಮ. ಬಹಳ ಜನ ಮನೆಗೆ ಹೋಗ್ತಾರೆ. ಒಬ್ಬೊಬ್ಬರು ಹೋಗಲ್ಲ."

"ಆಗ ಪರದೆ ಮೇಲೆ ಏನು ಒತ್ತುತೀರಿ?"

"ಏನೂ ಒತ್ತಲ್ಲ. ಒತ್ತೋಕೆ ಎಲ್ಲಿದೆ? ನೀನು ಕೊಟ್ಟಿರೋ ಬಟನ್ ಎರಡು. ಮನೆಗೆ ಹೋಯಿತು ಅಂತೊಂದು, ಬೇರೆ ವಾರ್ಡಿಗೆ ಹೋಯಿತು ಅಂತೊಂದು. ಅಲ್ಲಿ ನಿಂತ್ಕೊಂಡು ಮನೆಗೆ ಹೋಯಿತು ಅಂತ ಒತ್ತೋಕೆ ನಮ್ಮ ಹುಡುಗಿಯರಿಗೆ ಬೆರಳು ಬರಲ್ಲ. ಮೆಲ್ಲಗೆ ತಂತಿ ತೆಗೀತಾರೆ, ಅಷ್ಟೇ. ಮುಂದಿನ ಕೂಸು ಬಂದಾಗ ಹೊಸ ಹೆಸರು ಏರಿಸ್ತಾರೆ."

ಹೊಸ ಹೆಸರು ಏರಿದೊಡನೆ ಪರದೆಗೆ ಒಯ್ಯುವ ಎಳೆ ಹೊಸ ಕೂಸಿನ ಚೀಟಿಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಹಳೆಯದು ಮಾತ್ರ ಯಾರೂ ಹೋಗು ಎನ್ನದ ಕಾರಣ ಅಲ್ಲೇ ಕೂತು, ಬಾರದ ಬಡಿತಕ್ಕೆ ಕಿವಿಗೊಟ್ಟು, ಸುದ್ದಿ ಇಲ್ಲ ಸುದ್ದಿ ಇಲ್ಲ ಎಂದು ಗೀಚಿ ಗೀಚಿ ಗುಡ್ಡೆ ಹಾಕುತ್ತಲೇ ಇರುತ್ತದೆ. ಆಫೀಸಿನಲ್ಲಿ ಬೇಗಪ್ಪ ಸಾವಿರ ಮಕ್ಕಳನ್ನು ಸೇರಿಸಿ ಸಾವಿರ ಮಕ್ಕಳನ್ನೂ ಮನೆಗೆ ಕಳಿಸಿದ್ದ. ಅಲ್ಲಿ ಯಾವ ಮಗುವೂ ಸತ್ತಿರಲಿಲ್ಲ. ಬಟನ್‌ಗಳ ಚಿತ್ರ ಬರೆದ ದಿನ ಅವಳಿಗೆ ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು. ಎರಡು ಬರೆದು, ಮೂರನೆಯದಕ್ಕೆ ಜಾಗ ಬಿಟ್ಟು, ಅದಕ್ಕೊಂದು ಪದ ಬೇಕಲ್ಲ ಎಂದು ಯೋಚಿಸುತ್ತ ಎದ್ದು ನೀರು ಕುಡಿಯಲು ಹೋಗಿದ್ದಳು. ಬಂದು ಕೂತವಳು ಆ ಎರಡನ್ನೇ ಸ್ವಲ್ಪ ಅಗಲ ಮಾಡಿ ಜಾಗ ತುಂಬಿಸಿದ್ದಳು. ಮರೆತದ್ದಲ್ಲ. ಮರೆತೆ ಎಂದು ಹೇಳಿಕೊಂಡದ್ದು.

"ಒಂದು ಮಾತು ಹೇಳ್ಬಹುದಿತ್ತಲ್ಲ ದೊಡ್ಡಕ್ಕ, ಇಷ್ಟು ದಿನ."

"ಯಾರಿಗೆ ಹೇಳೋದು? ನಿನ್ನ ಕೂಸು ಆ ಕಿಟಕಿ ಪಕ್ಕ ಮಲಗಿದ್ದನ್ನ ನೋಡಿದವಳು ನಾನು. ನೀನು ಎರಡೇ ಬಟನ್ ಮಾಡಿದ್ದು ಯಾಕೆ ಅಂತ ನಂಗೆ ಗೊತ್ತಿತ್ತು. ಇರ್ಲಿ ಬಿಡು ಅಂದ್ಕೊಂಡೆ." ದೊಡ್ಡಕ್ಕ ಸೆರಗಿನಂಚಿಗೆ ಕೈ ಹೋದಂತೆ ಅಭ್ಯಾಸಬಲದಿಂದ ಏಪ್ರನ್ನಿನ ತುದಿ ಹಿಡಿದು ಮಡಚಿದಳು. "ಅಂಥ ದಿನ ಆದ್ಮೇಲೇ ಈ ಪರದೆ ತಡವರಿಸೋದು. ಯಂತ್ರಕ್ಕೂ ಸಂಕಟ ಆಗುತ್ತೆ ಅಂತ ಹುಡುಗಿಯರು ಹೇಳ್ತಿದ್ರು. ನಾನು ಬೈತಿದ್ದೆ, ತಲೆಹರಟೆ ಅಂತ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ನುಗ್ಗಿ, ಬಾಗಿಲಲ್ಲಿ ಡಿಕ್ಕಿ ಹೊಡೆದುಕೊಂಡು, ಎರಡೂ ಒಳಗೇ ಉಳಿದವು. ಬರೆದಿದ್ದ ಆ ಒಂದು ಸಾಲನ್ನು ಅಳಿಸಿದಳು. ಕಾಯುವುದಕ್ಕೆ ಮಿತಿ ಹಾಕುವುದಲ್ಲ, ಗುಬ್ಬಿಗಾಗಿ ಕಾಯಲೇಬೇಕು. ಸಾಕು, ಎದ್ದು ಬಾ ಎಂದು ಹೇಳಲು ಯಾರಿಗಾದರೂ ದಾರಿ ಇರಬೇಕು. ಅದನ್ನು ಹೇಳಬೇಕಾದ್ದು ಗಡಿಯಾರ ಅಲ್ಲ. ಮಧ್ಯಾಹ್ನದವರೆಗೆ ತಲೆಯೆತ್ತದೆ ಬರೆದಳು. ಕಾಯುತ್ತಿರುವ ಹೆಸರುಗಳೆಲ್ಲ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯುವ ಹಾಗೆ, ಒತ್ತುವ ಮನಸ್ಸು ಬಂದಾಗ ಒತ್ತುವ ಹಾಗೆ, ಒತ್ತಿದಾಗ ಎಳೆ ತನ್ನ ಚೀಟಿಗಳನ್ನೆಲ್ಲ ಒಪ್ಪಿಸಿ ಹೋಗುವ ಹಾಗೆ. ಕೊನೆಗೆ ಉಳಿದದ್ದು ಮೂರನೆಯ ಬಟನ್ನಿನ ಅದೇ ಪದ, ಆವತ್ತು ನೀರು ಕುಡಿಯಲು ಎಬ್ಬಿಸಿದ್ದು.

"ದೊಡ್ಡಕ್ಕ, ಬಟನ್ ಮೇಲೆ ಏನಂತ ಬರೀಲಿ?"

ದೊಡ್ಡಕ್ಕ ಒಂದು ತೊಟ್ಟಿಲಿನ ಕಿಂಡಿ ಮುಚ್ಚಿ ಬಂದಳು. ಕೈ ತೊಳೆದು ಬಂದಳು.

"ಹೋಯಿತು ಅಂತ ಬೇಡ. ಬಿಟ್ಟೆವು ಅಂತಲೂ ಬೇಡ, ನಾವು ಯಾರನ್ನೂ ಬಿಟ್ಟಿಲ್ಲ." ಒದ್ದೆ ಕೈ ಒರೆಸಿಕೊಳ್ಳುತ್ತ, "ಬೀಳ್ಕೊಟ್ಟೆವು ಅಂತ ಬರಿ. ನೆಂಟರನ್ನ ಬಾಗಿಲವರೆಗೂ ಹೋಗಿ ಕಳಿಸ್ತೀವಲ್ಲ. ಅಷ್ಟು ಮಾಡಿದೀವಿ."

ಬರೆದಳು. ಅಕ್ಷರಗಳು ಒಂದು ಚೂರು ಮಸುಕಾಗಿ ಕಂಡವು, ಕನ್ನಡಕ ಒರೆಸಿಕೊಂಡಳು.

ಹೊಸದನ್ನು ಕೂರಿಸಲು ಒಂದು ಸಲ ರೀಸ್ಟಾರ್ಟ್ ಮಾಡಲೇಬೇಕಿತ್ತು. ಗುಬ್ಬಿ ತೊಟ್ಟಿಲಿಗೆ ಮರಳಿದ ಮೇಲೆ ದೊಡ್ಡಕ್ಕ ಎರಡು ಸಲ ಚಪ್ಪಾಳೆ ತಟ್ಟಿದಳು. ನರ್ಸುಗಳು ಬಂದು ನಿಂತರು. ಒಂದು ತೊಟ್ಟಿಲು ಉಳಿಯಿತು. ಒಬ್ಬಳು ಆಗಲೇ ಹೊಸ ಕಟ್ಟಡಕ್ಕೆ ಹೋಗಿದ್ದಳು. ಉಳಿದದ್ದು ಕಿಟಕಿ ಬದಿಯದು.

"ಏನು ನೋಡ್ತಾ ನಿಂತಿದೀಯಾ? ಕೈ ತೊಳ್ಕೊಂಡು ಬಾ," ಎಂದಳು ದೊಡ್ಡಕ್ಕ. "ಆ ಬೇಗಪ್ಪನಿಗೆ ಹೇಳು, ರೀಸ್ಟಾರ್ಟ್ ಅಲ್ಲಿಂದಲೇ ಒತ್ತಲಿ. ಇವತ್ತೊಂದಿನ ನಿಧಾನಕ್ಕೆ."

ಕಿಂಡಿಯೊಳಗೆ ಕೈ ಹಾಕಿದಳು. ಒಳಗೆ ಬೇರೆಯದೇ ಹವೆ, ಬೆಚ್ಚಗೆ, ತೇವವಾಗಿ. ಎರಡು ಬೆರಳಿಗೂ ಸಾಲದಷ್ಟು ಎದೆ. ಮೊದಲು ಏನೂ ಸಿಗಲಿಲ್ಲ. ತನ್ನ ಬೆರಳೇ ಬಡಿದುಕೊಳ್ಳುತ್ತಿತ್ತು. ಪರದೆ ಕಪ್ಪಾಯಿತು. ಸುತ್ತಲೂ ಎಣಿಕೆ ಶುರುವಾಯಿತು, ಒಬ್ಬೊಬ್ಬರದು ಒಂದೊಂದು ಲಯ, ಒಬ್ಬರಿಗಾಗಿ ಒಬ್ಬರು ನಿಲ್ಲದೆ, ಒಬ್ಬರನ್ನೊಬ್ಬರು ತುಳಿಯದೆ. ವಾರಗಟ್ಟಲೆ ಪರದೆಯೊಳಗೆ ತಾನು ಹುಡುಕಿದ ಎಳೆಗಳೆಲ್ಲ ಏಪ್ರನ್ ತೊಟ್ಟು ಬಂದು ನಿಂತ ಹಾಗಿತ್ತು. ಆಮೇಲೆ ಬೆರಳ ಕೆಳಗೆ ಸಿಕ್ಕಿತು. ಇಷ್ಟು ಬೇಗ ಬೇಗ, ಯಾವುದೋ ಅವಸರದ ಕೆಲಸಕ್ಕೆ ಹೊರಟವರ ಹೆಜ್ಜೆಯಂತೆ. ಅವಳೂ ಬಾಯಿಬಿಟ್ಟು ಎಣಿಸಿದಳು. ಎಲ್ಲಿ ತಪ್ಪಿತೋ, ಮತ್ತೆ ಒಂದರಿಂದ ಎಣಿಸಿದಳು. ಈ ಗುಣುಗುಣು ಕೇಳಿ ಅಂದು ತನಗೆ ನಾಚಿಕೆಯಾಗಿತ್ತಲ್ಲ, ಅದೆಲ್ಲಿ ಎಂದು ಹುಡುಕಿದರೆ ಈಗ ಸಿಗಲಿಲ್ಲ. ಗೆರೆಗಳು ಒಂದೊಂದಾಗಿ ಪರದೆಗೆ ಮರಳಿದಾಗ ಕೈ ಹಿಂದಕ್ಕೆ ತೆಗೆಯಲು ಅವಳಿಗೆ ಅಷ್ಟೇನೂ ಮನಸ್ಸಿರಲಿಲ್ಲ.

ಆದರೆ ಸೋರಿಕೆ ನಿಂತಿದೆ ಎಂದು ದೊಡ್ಡ ಡಾಕ್ಟರಿಗೆ ತೋರಿಸುವುದು ಹೇಗೆ? ಅದಕ್ಕೊಂದು ಕೂಸು ಹೋಗಬೇಕೆಂದು ಕಾಯುವವರು ಯಾರು? ಅವಳು ಮೂಲೆಯ ಖಾಲಿ ತೊಟ್ಟಿಲಿನ ಪಟ್ಟಿಯನ್ನು ಎಳೆದುಕೊಂಡು ತನ್ನ ಬೆರಳಿಗೇ ಸುತ್ತಿಕೊಂಡಳು.

"ಹೆಸರು ಏನಂತ ಏರಿಸ್ಲಿ?" ಎಂದಳು ಉದ್ದ ಜಡೆಯವಳು, ಗಂಭೀರವಾಗಿ. ಆಮೇಲೆ ತಾನೇ ಬರೆದಳು. ಪರದೆಯ ಮೇಲೆ, ಗುಬ್ಬಿಯ ಕೆಳಗೆ, ಹೊಸ ಹೆಸರು ಮೂಡಿತು: ತೂತುಸಾಕ್ಸು.

ನರ್ಸುಗಳೆಲ್ಲ ಬಾಯಿಗೆ ಮೊಣಕೈ ಅಡ್ಡ ಹಿಡಿದು ನಕ್ಕರು. ಅವಳೂ ನಕ್ಕಳು, ಬೆಳಗಿನಿಂದ ಮಡಚಿ ಇಟ್ಟುಕೊಂಡಿದ್ದನ್ನು ಬಿಚ್ಚಿದಂತೆ. ಅವಳ ಗೆರೆ ಮಿಕ್ಕವರಿಗಿಂತ ಸೋಮಾರಿಯಾಗಿ ಹರಿಯಿತು. ಪಟ್ಟಿ ತೆಗೆದಳು, ನೆಟ್ಟಗಾಯಿತು. ಅದೇ ತೊಟ್ಟಿಲಿಗೆ ಉದ್ದ ಜಡೆಯವಳ ಬೆರಳನ್ನು ಸೇರಿಸಿ ಹೊಸ ಹೆಸರು ಏರಿಸಿದರು. ಅವಳ ಕಂಪ್ಯೂಟರಿನಲ್ಲಿ ಮೆಮೊರಿಯ ಗೆರೆ ಮೆಲ್ಲಗೆ ಏರತೊಡಗಿತು, ತಿಂಗಳುಗಳಿಂದ ಅವಳ ನಿದ್ದೆಯಲ್ಲಿ ಏರುತ್ತಿದ್ದ ಅದೇ ಏರು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ತೂತುಸಾಕ್ಸು ಕಾಯುತ್ತಿತ್ತು.

"ಈಗ ಒತ್ತಿ ದೊಡ್ಡಕ್ಕ."

ದೊಡ್ಡಕ್ಕನ ಬೆರಳು ಮೂರನೆಯ ಬಟನ್ನಿನ ಹತ್ತಿರ ಹೋಗಿ ನಿಂತಿತು. "ನೀನು ಎದುರಿಗೇ ಕೂತಿದೀಯಲ್ಲೇ," ಎಂದಳು. ನಕ್ಕಂತೆ ಹೇಳಿದರೂ ಬೆರಳು ಮುಂದುವರಿಯಲಿಲ್ಲ. ಆ ಹೊತ್ತಿನಲ್ಲಿ ಅವಳು ಯಾರ್ಯಾರನ್ನು ನೆನೆಸಿಕೊಂಡಳೋ. ಆಮೇಲೆ ಒತ್ತಿದಳು. ಹೆಸರು ಅಳಿಯಿತು. ಏರುತ್ತಿದ್ದ ಗೆರೆ ಸರ್ರನೆ ಕೆಳಗಿಳಿದು, ಬುಡದಲ್ಲಿ ಮಟ್ಟಸವಾಗಿ ಮಲಗಿತು. ಮಲಗಿಯೇ ಇತ್ತು.

ಹೊರಗಿನಿಂದ ಆಗಷ್ಟೇ ಬಂದ ಒಬ್ಬ ನರ್ಸ್ ಅದನ್ನು ನೋಡಿ ಗಾಬರಿಬಿದ್ದಳು. "ಇದ್ಯಾರದು, ಗೆರೆ ನೆಟ್ಟಗಾಗ್ಬಿಟ್ಟಿದೆಯಲ್ಲ?"

"ಕೂಗ್ಬೇಡ," ಎಂದಳು ದೊಡ್ಡಕ್ಕ. "ಇದೊಂದು ನೆಟ್ಟಗಾಗ್ಲಿ ಅಂತಾನೇ ಇವಳು ಬೆಳಗ್ಗಿಂದ ಕೂತಿರೋದು."

ಸಂಜೆ ಬೂಟು ಹಾಕಿಕೊಳ್ಳುತ್ತಿದ್ದಾಗ ಮಗಳ ಕರೆ. ದನಿಯಲ್ಲಿ ಅಪರಾಧಿಯ ಅಂಜಿಕೆ. ಹಲ್ಲು ಬಿದ್ದುಹೋಗಿದೆ, ಬ್ರೆಡ್ ತಿನ್ನುವಾಗ ಯಾವಾಗ ಬಿತ್ತೋ ಗೊತ್ತೇ ಆಗಲಿಲ್ಲ, ಎಲ್ಲ ಕಡೆ ಹುಡುಕಿದರೂ ಇಲ್ಲ, ನುಂಗಿಬಿಟ್ಟಿದ್ದಾಳೆಂದು ಅಜ್ಜಿ ಹೇಳುತ್ತಾರೆ.

"ನೋವಾಯ್ತಾ?"

"ಇಲ್ಲ. ಒಂಚೂರೂ ಇಲ್ಲಮ್ಮ." ಆ ದನಿಗೇ ಆಶ್ಚರ್ಯ. "ನಾಲಿಗೆ ಹಾಕಿದ್ರೆ ಕೆಳಗಡೆ ಏನೋ ಚುಚ್ಚುತ್ತೆ. ಹೊಸದು ಆಗಲೇ ಬಂದ್ಬಿಟ್ಟಿದೆ ಅನ್ಸುತ್ತೆ."

ಗಾಜಿನಾಚೆ ದೊಡ್ಡ ಡಾಕ್ಟರು ಮೇಜಿನ ಬಳಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: ಕಳಿಸಿಕೊಡಿ, ಜಾಗ ಇದೆ. ಸಂಜೆಯ ಸರದಿಗೆ ಬಂದಿದ್ದ ಗುಬ್ಬಿಯ ತಾಯಿ ಎದೆಯಿಂದ ಅವನನ್ನು ಎತ್ತಿ ಕೊಡುತ್ತಿದ್ದಳು. ಉದ್ದ ಜಡೆಯವಳು ಬಗ್ಗಿ ಪುಟ್ಟ ಪಾದಕ್ಕೆ ಕೆಂಪು ದೀಪ ಸುತ್ತಿದಳು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಯುತ್ತಿದ್ದ ಹೆಸರು ಮೇಲಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಒಂದು ಕ್ಷಣ ಏನೂ ಇರಲಿಲ್ಲ. ಅವಳು ಒಂದು ಬೂಟು ಹಾಕಿಕೊಂಡು, ಒಂದನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ತಣ್ಣನೆಯ ನೆಲಕ್ಕೆ ಊರಿ ನಿಂತಿದ್ದಳು. ಆಮೇಲೆ ಹಸಿರು ಗೆರೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎದ್ದು, ಕುಪ್ಪಳಿಸಿ, ಹೊರಟಿತು.